ಕರೆಯದೆ ಬರುವ ದಿನ

ಪ್ರೀತಿಯ ರಾತೊಮಿರ್ ಅಣ್ಣ,

ನಿನ್ನ ಬಾಗಿಲಿನಿಂದ ಹದಿನಾಲ್ಕು ಮೆಟ್ಟಿಲು ಕೆಳಗೆ ಕೂತು, ಬೆಲ್‌ಗ್ರೇಡಿನ ನಕಾಶೆಯ ಹಿಂಬದಿಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಹುಟ್ಟಿದ ಊರಿನ ನಕಾಶೆ ಕೊಂಡವಳು ನಾನೊಬ್ಬಳೇ ಇರಬೇಕು. ಬೆಳಿಗ್ಗೆ ನಿಶ್‌ನಲ್ಲಿ ಬಸ್ಸು ಹತ್ತುವಾಗ ಗಂಡನಿಗೆ, ಕೋಟೆ ನೋಡಿ ಬರುತ್ತೇನೆ ಎಂದಿದ್ದೆ. ನೋಡಿದೆ. ಎರಡು ನದಿ ಕೂಡುವ ಕಡೆ ಪ್ರವಾಸಿಗಳ ನಡುವೆ ನಿಂತು ಫೋಟೊ ತೆಗೆದೆ. ಅದರಲ್ಲಿ ನದಿಗಿಂತ ನನ್ನ ಬೆರಳೇ ಹೆಚ್ಚು ಬಂದಿದೆ. ಆಮೇಲೆ ಎರಡನೇ ನಂಬರಿನ ಟ್ರಾಮ್ ಹತ್ತಿದೆ. ಅದು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆಂದು ನಿನಗೆ ಗೊತ್ತು. ಮೂರು ಸುತ್ತು ಹೋದೆ. ಪ್ರತಿ ಸಲ ನಿನ್ನ ನಿಲ್ದಾಣ ಬಂದಾಗ ಎದ್ದು ನಿಂತೆ, ಬಾಗಿಲು ಮುಚ್ಚಿದ ಮೇಲೆ ಕೂತೆ.

ಇವತ್ತು ನಮ್ಮ ಮನೆಸಂತನ ದಿನ, ಮನೆತನ ಕಾಯುವ ಸಂತನ ಹಬ್ಬ. ಅಪ್ಪ ಹೋದ ಮೇಲೆ ನೀನು ಮೊದಲ ಸಲ ಮೇಣದಬತ್ತಿ ಹಚ್ಚಿದ ವರ್ಷ, ಬಂದವರು ಮೊದಲು ತಿನ್ನಬೇಕಾದ, ಬೇಯಿಸಿ ಅರೆದ ಸಿಹಿ ಗೋಧಿಯನ್ನು ಒಂದು ಚಮಚ ಬಾಯಿಗಿಟ್ಟು, 'ಅಮ್ಮ ಇದನ್ನ ಎರಡು ಸಲ ಅರೀತಿದ್ಳು' ಎಂದೆ ನಾನು. ಅದನ್ನು ಮಾಡಿದ ಮಿಲೆವಾ ಅತ್ತಿಗೆ ಅತಿಥಿಗಳ ಮುಂದೆ ತಟ್ಟೆ ಹಿಡಿದು ನಿಂತಿದ್ದಳು. 'ರುಚಿಸದಿದ್ರೆ ಬರ್ಬೇಡ ಬಿಡು' ಎಂದೆ ನೀನು. ಹನ್ನೊಂದು ವರ್ಷ ಕೇಳಿದವರಿಗೆಲ್ಲ, 'ಅಣ್ಣ ಕರೆದ್ರೆ ಹೋಗ್ತೀನಿ' ಎನ್ನುತ್ತ ಬಂದೆ. ಈ ಹಬ್ಬಕ್ಕೆ ನಮ್ಮಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ದಿನ ನೆನಪಿದ್ದವರು ಬರುತ್ತಾರೆ. ಯಾರೂ ಮಾಡದ್ದನ್ನು ನಿನ್ನಿಂದ ಬಯಸಿದೆ. ಹಾಗೆ ಬಯಸುತ್ತ ಕೂತಿರುವವರೆಗೆ ನಾನು ಅತ್ತಿಗೆಯ ಕ್ಷಮೆ ಕೇಳಬೇಕಿರಲಿಲ್ಲ.

ಈಗಷ್ಟೇ ಕೆಳಮನೆಯ ಸ್ತಾಮೆನ್ಕಾ ಅಜ್ಜಿ ಅಕ್ರೋಟಿನ ಸಿಹಿ ಹಿಡಿದು ಹತ್ತಿ ಬಂದಳು. ಗುರುತು ಸಿಗಲಿಲ್ಲವೋ, ಸಿಕ್ಕರೂ ತೋರಿಸಲಿಲ್ಲವೋ. ಊರು ನೋಡಲು ಬಂದಿದ್ದೇನೆ ಎಂದೆ. 'ಊರು ಹೊರಗಿದೆ ಕಣಮ್ಮ, ಮೆಟ್ಟಿಲ ಮೇಲೆ ಏನ್ ನೋಡ್ತಿದೀಯ? ದಾರಿ ಬಿಡು, ಇಲ್ಲ ಜೊತೆಗೆ ಬಾ. ಇವತ್ತಿನ ದಿನ ಕರೀಲಿ ಅಂತ ಕಾಯೋಳು ನೀನೊಬ್ಳೇ!'

ಒಳಗೆ ಹೋದವಳು ಬಾಗಿಲು ಹಾಕಿಲ್ಲ. ನಿನ್ನ ನಗು ಕೇಳಿಸುತ್ತಿದೆ. ಅಪ್ಪನ ಹಾಗೆ ನೀನೂ ಕೊನೆಗೆ ಕೆಮ್ಮುತ್ತೀಯ. ಆರಕ್ಕೆ ನನ್ನ ಬಸ್ಸು. ಟಿಕೆಟ್ಟನ್ನು ಮಡಿಸಿ ಮಡಿಸಿ ಹರಿದೇಬಿಟ್ಟಿದ್ದೇನೆ.

ಈ ನಕಾಶೆಯನ್ನು ನಿನ್ನ ಕೈಗೇ ಕೊಡುತ್ತೇನೆ. ನಾಳೆ ಓದು. ಮೊದಲು ಒಂದು ಚಮಚ ಗೋಧಿ ಕೊಡು. ಅತ್ತಿಗೆಯ ಎದುರಿಗೇ ತಿನ್ನುತ್ತೇನೆ. ಎಲ್ಲರ ಮುಂದೆ ಇನ್ನೊಂದು ಚಮಚ ಕೇಳುತ್ತೇನೆ.

ನಿನ್ನ ಮನೆಯ ಬತ್ತಿ ಸಂಜೆಯವರೆಗೂ ನೆಟ್ಟಗೆ ಉರಿಯಲಿ.

ಕರೆಯದೆ ಬಂದಿರುವ ನಿನ್ನ ತಂಗಿ,
ವಿದೊಸಾವಾ