ನಾಲ್ಕು ಪೌಂಡಿಗೆ ಕೂದಲೆಳೆ ಕಡಿಮೆ

ಸ್ಯಾಂಡಸ್ಕಿ, ಓಹಾಯೊ
೧೪ ಸೆಪ್ಟೆಂಬರ್ ೨೦೦೩

ನನ್ನ ಪ್ರೀತಿಯ ಲೊರೀನ್,

ಎಮೆಟ್‌ನ ಪಿಸ್ತೂಲು ನನ್ನ ಕೈಸೇರಿ ಏಳು ವಾರವಾಯಿತು. ನೀನು ಎರಡು ಸಲ ಫೋನು ಮಾಡಿದೆ, ಎರಡು ಸಲವೂ ನಾನು ಕೆಲಸದ ನೆಪ ಹೇಳಿ ನುಣುಚಿಕೊಂಡೆ. ಈ ಅಣ್ಣನನ್ನು ಚೆನ್ನಾಗಿ ಬೈದುಕೋ, ಆಮೇಲೆ ಮುಂದಕ್ಕೆ ಓದು. ಮಂಡಿನೋವು ಹೇಗಿದ್ದದ್ದು ಹಾಗೇ ಇದೆ. ಸರೋವರದಲ್ಲಿ ಈ ಸಲ ಪರ್ಚ್ ಮೀನು ಧಾರಾಳ. ಒಬ್ಬನೇ ಹುರಿದುಕೊಂಡು ಒಬ್ಬನೇ ತಿನ್ನುತ್ತೇನೆ.

ಪೆಟ್ಟಿಗೆ ತೆರೆದಾಗ ಎಣ್ಣೆಯ ವಾಸನೆಯ ಜೊತೆ ಎಮೆಟ್‌ನೇ ಎದ್ದು ಬಂದಂತಾಯಿತು. ಎಪ್ಪತ್ನಾಲ್ಕರ ಜುಲೈಯಿಂದ ನಿನ್ನ ಗಂಡ ಅದನ್ನು ಬಿಚ್ಚಿಯೇ ಇಲ್ಲ. ಹಿಡಿಕೆಯ ಮೇಲೆ ಅವನ ಹೆಬ್ಬೆರಳು ಸವೆಸಿದ ಜಾಗ ಇನ್ನೂ ಹೊಳೆಯುತ್ತದೆ. ಅದನ್ನು ಒರೆಸದೆ ಹಾಗೇ ಬಿಟ್ಟೆ ಕಣೆ.

ಆ ಟ್ರಿಗರ್‌ಗಾಗಿ ಅವನು ನನ್ನ ಜೀವ ಹಿಂಡಿದ್ದು ನಿನಗೆ ನೆನಪಿರಬೇಕು. ಮಿಕ್ಕವರಿಗೆಲ್ಲ ಗಾಜಿನ ಕಡ್ಡಿ ಮುರಿದ ಹಾಗೆ ಟಕ್ಕನೆ ಬಿಟ್ಟುಕೊಳ್ಳುವ ಟ್ರಿಗರ್ ಬೇಕು. ಇವನಿಗೆ ಮಾತ್ರ ಶುರುವಿನಿಂದ ಕೊನೆಯವರೆಗೆ ಒಂದೇ ಸಮ ಜಾರಬೇಕು, ಎಲ್ಲೂ ತಡೆಯಬಾರದು. "ಇನ್ನೂ ಮಧ್ಯದಲ್ಲಿ ಒಂಚೂರು ಮರಳು ಸಿಕ್ದಂಗಾಗುತ್ತೆ ಕಣೋ ವೆಂಡೆಲ್. ನೀನೇನು ಪಿಸ್ತೂಲು ಮಾಡ್ತೀಯೋ, ಕಾಫಿ ಬೀಜ ಪುಡಿ ಮಾಡ್ತೀಯೋ?" ಎಂದು ರೇಗಿಸುತ್ತಿದ್ದ. ನಾನು ಸಿಯರನ್ನು, ಅಂದರೆ ಗುಂಡು ಸಿಡಿಸುವ ಹ್ಯಾಮರನ್ನು ತಡೆದು ನಿಲ್ಲಿಸುವ ಆ ಉಗುರಿನಷ್ಟು ಉಕ್ಕಿನ ತುಂಡನ್ನು, ಮತ್ತೆ ಸಾಣೆಗಲ್ಲಿಗೆ ಒಡ್ಡುತ್ತಿದ್ದೆ. ನುಣುಪು ಹೆಚ್ಚಿದಷ್ಟೂ ಟ್ರಿಗರ್ ಎಳೆಯಲು ಬೇಕಾದ ಭಾರ ಇಳಿಯುತ್ತದೆ. ನಿಯಮ ನಾಲ್ಕು ಪೌಂಡು. ಆ ತೂಕದ ಬಟ್ಟನ್ನು ಟ್ರಿಗರ್‌ಗೆ ನೇತುಹಾಕಿ ಎತ್ತಿದಾಗ ಹ್ಯಾಮರ್ ಬೀಳಬಾರದು, ಬಿದ್ದರೆ ಪಂದ್ಯದಿಂದ ಹೊರಗೆ.

ಆ ಜುಲೈಯ ಪಂದ್ಯದಲ್ಲಿ ಸರೋವರದ ಹುಳುಗಳು ಎಲ್ಲರ ಟೋಪಿಯ ಮೇಲೂ ಕೂತಿದ್ದವು. ಬೆಳಿಗ್ಗೆ ತೂಕದ ಮೇಜಿನಲ್ಲಿ ಪಿಸ್ತೂಲು ಪಾಸಾಯಿತು. ಎಮೆಟ್ ಹೊಡೆದ ಹಾಗೆ ಆ ದಿನ ಯಾರೂ ಹೊಡೆಯಲಿಲ್ಲ. ಗುರಿಹಲಗೆಯಿಂದ ಓಡಿಬಂದು, "ಲೊರೀನ್, ಇದು ಟ್ರಿಗರ್ ಅಲ್ಲ ಕಣೆ, ನಾನು ಅಂದ್ಕೊಂಡ್ರೆ ಸಾಕು ಹಾರುತ್ತೆ!" ಎಂದು ನಿನ್ನ ಕೈಗಿತ್ತ. ನೀನು ಅದನ್ನು ಒರೆಸಿದೆ, ಮೇಲೆ ಹಿಂದೆಮುಂದೆ ಜಾರುವ ಸ್ಲೈಡನ್ನು ಹಿಂದಕ್ಕೆಳೆದು ನೋಡಿದೆ, ಖಾಲಿ ಪಿಸ್ತೂಲಿನ ಮೇಲೇ ಠಪ್ಪನೆ ಬಿಟ್ಟೆ. ಸುತ್ತ ನಿಂತವರೆಲ್ಲ ನಾಲಿಗೆ ಕಚ್ಚಿಕೊಂಡರು. ಸಾಣೆ ಹಿಡಿದ ಸಿಯರ್ ಇದ್ದಾಗ ಖಾಲಿ ಸ್ಲೈಡ್ ಹಾಗೆ ಬಿಡಬಾರದು, ಆ ಪೆಟ್ಟಿಗೆ ಸಿಯರಿನ ಅಂಚು ಕೆಟ್ಟು ಟ್ರಿಗರ್ ಹಗುರಾಗುತ್ತದೆಂಬುದು ನಮ್ಮವರಲ್ಲಿ ದೊಡ್ಡ ಮಡಿ. ಗೆದ್ದವರ ಪಿಸ್ತೂಲನ್ನು ಮತ್ತೊಮ್ಮೆ ತೂಗಿದಾಗ ಹ್ಯಾಮರ್ ಬಿತ್ತು. ಪದಕವೂ ಹೋಯಿತು.

ಎಮೆಟ್ ನಿನಗೆ ಒಂದು ಗಟ್ಟಿ ಮಾತೂ ಆಡಲಿಲ್ಲ, ನಿಜ. ಆದರೆ ಪ್ರತಿ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲೂ, "ಚಾಕು ಲೊರೀನ್ ಕೈಗೆ ಕೊಡ್ಬೇಡ್ರಪ್ಪಾ, ಮೊಂಡಾಗ್ಬಿಡುತ್ತೆ" ಎಂದು ನಗಿಸುತ್ತಿದ್ದ. ನೀನೂ ನಗುತ್ತಿದ್ದೆ. ಅಪ್ಪನ ಕಣಜದ ಹಿಂದೆ ಡಬ್ಬಿಗಳಿಗೆ ಗುರಿಯಿಟ್ಟು ಹೊಡೆಯುವಾಗ ನನ್ನನ್ನೂ ಎಮೆಟ್‌ನನ್ನೂ ಸೋಲಿಸುತ್ತಿದ್ದ ಹುಡುಗಿ ನೀನು. ಆ ಜುಲೈ ಆದಮೇಲೆ ಒಮ್ಮೆಯೂ ಪಿಸ್ತೂಲು ಮುಟ್ಟಲಿಲ್ಲ.

ಈಗ ಮೊಮ್ಮಗಳು ಕೋರಾ ಅಜ್ಜನ ಪಿಸ್ತೂಲಿನಿಂದಲೇ ಸ್ಪರ್ಧಿಸುತ್ತೇನೆಂದು ಹಟ ಹಿಡಿದಿದ್ದಾಳೆಂದು ಬರೆದಿದ್ದೀಯ. "ನನ್ನ ಕೈಯಿಂದ ಕೆಟ್ಟಿದ್ದು, ನೀನು ಸರಿಮಾಡು. ಅವಳಿಗೆ ನಾನು ಕಲಿಸಲ್ಲ, ನನ್ನ ಕೈ ಒಳ್ಳೇದಲ್ಲ" ಎಂದೂ ಬರೆದಿದ್ದೀಯ. ಈ ಕೊನೆಯ ಸಾಲಿನಿಂದಲೇ ಏಳು ವಾರ ತಡವಾಯಿತು.

ಪಿಸ್ತೂಲು ಸಿದ್ಧವಾಗಿದೆ. ನಾಲ್ಕು ಪೌಂಡಿನ ಮೇಲೆ ಎರಡು ಔನ್ಸ್ ಇಟ್ಟಿದ್ದೇನೆ, ಆದರೂ ಎಮೆಟ್ ಮೆಚ್ಚುವಷ್ಟು ನುಣುಪಾಗಿದೆ. ಕೋರಾಳ ಕಣ್ಣು ಚುರುಕಾಗಿರಲಿ, ಉಸಿರು ನಿಧಾನವಾಗಿರಲಿ. ನೀನೂ ನೂರು ಕಾಲ ಸುಖವಾಗಿರು ತಂಗಿ.

ನಿನ್ನ ಅಣ್ಣ,
ವೆಂಡೆಲ್ ಕ್ರುಗ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಹಳೆಯ ಸಿಯರನ್ನು ಇದರೊಳಗೆ ಇಟ್ಟಿದ್ದೇನೆ, ಭೂತಗನ್ನಡಿಯಲ್ಲಿ ನೋಡು. ಅಂಚಿನಲ್ಲಿ ಒಂದು ಗೀರೂ ಇಲ್ಲ. ಒಂದು ಸಲ ಸ್ಲೈಡ್ ಬಿಟ್ಟದ್ದಕ್ಕೆ ಅದಕ್ಕೆ ಏನೂ ಆಗಿಲ್ಲ ಲೊರೀನ್. ಬೆಳಿಗ್ಗೆ ತೂಕ ಹಾಕಿಸಿ ಬಂದ ಮೇಲೆ ಎಮೆಟ್ ಕಾಫಿಗೆ ಹೋದ. ಆ ಮರಳಿನ ಮಾತು ನನ್ನನ್ನು ಕೊರೆಯುತ್ತಿತ್ತು. ಟ್ರಕ್ಕಿನ ಹಿಂಬದಿಯಲ್ಲಿ ಬಿಚ್ಚಿ ಮತ್ತೆ ಸಾಣೆ ಹಿಡಿದೆ, ಯಾರಿಗೂ ಹೇಳಲಿಲ್ಲ. ತೂಗಲೂ ಇಲ್ಲ, ನನ್ನ ಬೆರಳೇ ತಕ್ಕಡಿ ಎಂಬ ಸೊಕ್ಕು. ಅವನು ತೂಕದ ಮೇಜಿನಿಂದ ಬಿಳಿಚಿಕೊಂಡು ಬಂದು, "ಏನಾಯ್ತೋ ಇದಕ್ಕೆ?" ಎಂದು ಕೇಳಿದಾಗ ನನಗೆ ಉತ್ತರ ಗೊತ್ತಿತ್ತು. ಮುಂದಿನ ಬೇಸಿಗೆಗೆ ಹನ್ನೊಂದು ಜನ ನನ್ನ ಕೈಯಲ್ಲಿ ಟ್ರಿಗರ್ ಮಾಡಿಸಲು ಹೆಸರು ಕೊಟ್ಟಿದ್ದರು, ಅವರೆಲ್ಲ ಅಲ್ಲೇ ನಿಂತಿದ್ದರು. "ಸ್ಲೈಡ್ ಯಾರಾದ್ರೂ ಖಾಲಿ ಬಿಟ್ರಾ?" ಎಂದು ಕೇಳಿದವನು ನಾನು. ನಿನ್ನ ಮುಖ ನೋಡಿಕೊಂಡೇ ಕೇಳಿದೆ.