ಐದು ಊರುಗಳ ಹೆಸರು

ಬಸವಕಲ್ಯಾಣ
೨೩ ನವೆಂಬರ್ ೨೦೦೮, ರವಿವಾರ

ಚಿ. ರೂಪಾಲಿಗೆ,

ಅವ್ವನ ಆಶೀರ್ವಾದ. ನಿನ್ನ ಎರಡು ಪತ್ರ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಮಕ್ಕಳ ಗಣತಿಯ ಕೆಲಸವಿತ್ತು ಎಂದು ಬರೆಯಬಹುದು, ಅದು ಇದ್ದದ್ದೂ ನಿಜ. ಆದರೆ ಗಣತಿ ಮುಗಿದು ಹತ್ತು ದಿನವಾಗಿದೆ. ಫೋನಿನಲ್ಲಿ ಹೇಳಿಬಿಡೋಣವೆಂದು ಮೂರು ಸಲ ಹಚ್ಚಿದೆ. ನೀನು ಎತ್ತಿದಾಗಲೆಲ್ಲ ಊಟವಾಯಿತೇ ಎಂದು ಕೇಳಿ ಇಟ್ಟುಬಿಟ್ಟೆ. ನಿನ್ನ ಅಪ್ಪ ಅಂಗಡಿಯಿಂದ ಬಂದವರೇ ನಿನ್ನೆ, "ದುನಿಯಾದ ಮಂದಿಗೆಲ್ಲ ಕಂಪ್ಯೂಟರ್‌ನಾಗ ಜವಾಬ್ ಬರೀತಿ. ಹಡದ ಮಗಳಿಗಿ ಎರಡ ಸಾಲ ಬರಿಯಾಕ ಕೈ ನೋಯ್ತಾವೇನು?" ಎಂದರು. ನಾನು ಎದ್ದು ಪೆನ್ನು ಹುಡುಕಿದೆ. ನಿನ್ನ ಅಪ್ಪನ ಮಾತು ಸರಿಯಿದ್ದಾಗ ನಾನು ವಾದಿಸುವುದಿಲ್ಲವೆಂದು ನಿನಗೆ ಗೊತ್ತು.

ಕೊಡಂಬಲದಲ್ಲಿ ನೀನಿರುವ ಬಾಡಿಗೆ ಕೋಣೆಗೆ ಬಾಗಿಲು ಹೊಸದಾಗಿ ಹಾಕಿಸಿಕೊಟ್ಟರೆಂದು ಓದಿ ಸಮಾಧಾನವಾಯಿತು. ನಿನ್ನ ಶಾಲೆಯ ಎರಡನೇ ಇಯತ್ತೆಯಲ್ಲಿ ನಲವತ್ತೊಂದು ಮಕ್ಕಳೆಂದರೆ ಹೆಚ್ಚಾಯಿತು, ಆದರೆ ಟೀಚರಾದ ಮೊದಲ ವರ್ಷ ಹೆಚ್ಚಿದ್ದರೇ ಒಳ್ಳೆಯದು, ನಮ್ಮ ಬಗ್ಗೆ ಯೋಚಿಸಲು ಪುರುಸೊತ್ತಿರುವುದಿಲ್ಲ. ಬಿಸಿಯೂಟದ ಅಕ್ಕಿ ತೂಗಿಸುವಾಗ ನೀನೇ ನಿಂತಿರು. ಗಂಟಲಿಗೆ ಜ್ಯೇಷ್ಠಮಧು ಇಟ್ಟುಕೋ. ಮೆಣಸಿನಪುಡಿ ಕಳಿಸಿದ್ದೇನೆ.

ಇಷ್ಟು ಬರೆದು ಒಮ್ಮೆ ಎದ್ದು ಹೋಗಿ ಬಂದೆ. ಇನ್ನು ನಿನ್ನ ಎರಡನೇ ಪತ್ರಕ್ಕೆ ಬರುತ್ತೇನೆ.

ಬರುವ ಶನಿವಾರ ಹುಮನಾಬಾದಿನಲ್ಲಿ ಸೇರುವ ಶಿಕ್ಷಕರ ಸಭೆಯಲ್ಲಿ ನನ್ನ ಬ್ಲಾಗಿನ 'ಬಸ್ ಬೋರ್ಡಿನ ಹುಡುಗಿ' ಲೇಖನವನ್ನು ನೀನು ಓದಬೇಕೆಂದು ಸಭೆ ನಡೆಸುವ ಅನೀಲಕುಮಾರ ಮಾಸ್ತರರು ಒಪ್ಪಿಸಿದ್ದಾರೆ. ಆ ಹುಡುಗಿಯ ನಿಜವಾದ ಹೆಸರೇನು, ಎಲ್ಲಿದ್ದಾಳೆ, ವೇದಿಕೆಗೆ ಕರೆದು ಶಾಲು ಹೊದಿಸೋಣವೇ ಎಂದು ಕೇಳಿದ್ದೀ. ಕೊನೆಗೆ, "ಅವ್ವಾ, ಅಲ್ಲಿ ನಿನ್ನ ಮಗಳು ಅಂತ ಹೇಳ್ಕೊಳಾಕ ನನಗ ಭಾಳ ಖುಷಿ ಅನಸ್ತದ" ಎಂದು ಬರೆದಿದ್ದೀ. ಆ ಸಾಲಿನ ಮುಂದೆಯೇ ನಾನು ಮೂರು ವಾರ ಕೂತಿದ್ದೆ.

ಅದನ್ನು ಓದಬೇಡ. ಶಾಲೂ ಬೇಡ. ಯಾಕೆಂದು ಹೇಳುತ್ತೇನೆ.

ಬ್ಲಾಗ್ ಶುರುವಾದದ್ದು ನಿನಗೆ ಗೊತ್ತಿದೆ. ಇಪ್ಪತ್ತನಾಲ್ಕು ವರ್ಷ ಪಾಠಕ್ಕೆ ಮೊದಲು ಪಾಠ ಟಿಪ್ಪಣಿ ಬರೆದೆ, ಹೆಡ್ ಮಾಸ್ತರರು ಓದದೆ ಸಹಿ ಹಾಕಿದರು. ಪಾಠವಾದ ಮೇಲೆ ಏನಾಯಿತೆಂದು ಯಾರೂ ಕೇಳಲಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ವರ್ಗಾವಣೆಯ ಮಾತಿದೆ, ಡಿ.ಎ. ಮಾತಿದೆ, ಬೆನ್ನುನೋವಿನ ಮಾತಿದೆ. "ಇವತ್ತು ಭಾಗಾಕಾರ ಹೇಳಿಕೊಡಲು ಹೋಗಿ ಸೋತೆ" ಎಂದು ಅಲ್ಲಿ ಹೇಳಿ ನೋಡು, ಮೈಯಲ್ಲಿ ಹುಷಾರಿಲ್ಲವೇ ಎನ್ನುತ್ತಾರೆ. ಹಾಗಾಗಿ ಸೋತದ್ದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ಸೈಫುದ್ದೀನನ ನೆಟ್ ಅಂಗಡಿಗೆ ಹೋಗುತ್ತಿದ್ದೆ. ಮೊದಲ ಆರು ತಿಂಗಳು ನಾನು ಓದಿ ಹೇಳುವುದು, ಅವನು ಟೈಪ್ ಹೊಡೆಯುವುದು. ಉರ್ದು ಸಾಲಿಯಲ್ಲಿ ಕಲಿತ ಮನುಷ್ಯ, ಕನ್ನಡದ ಒತ್ತಕ್ಷರ ಬಂದಾಗಲೆಲ್ಲ "ಟೀಚರ್, ಇದರ ಕೆಳಗ ನೇತಾಡಾಕತ್ತದಲ್ಲ, ಇದು ಯಾರು?" ಎಂದು ಕೇಳುತ್ತಿದ್ದ. ನಾಲ್ಕು ವಾರ ಯಾರೂ ಓದಲಿಲ್ಲ. ಐದನೆಯ ವಾರ ಕಾರವಾರದ ಕಡೆಯ ಒಬ್ಬ ಮಾಸ್ತರರು "ನಾನೂ ನಿನ್ನೆ ಅದೇ ಭಾಗಾಕಾರದಲ್ಲಿ ಸೋತೆ, ಅಕ್ಕಾ" ಎಂದು ಬರೆದರು. ಅವರ ಮುಖ ನಾನು ನೋಡಿಲ್ಲ. ಆದರೆ ಆ ದಿನ ಮನೆಗೆ ನಡೆದು ಬರುವಾಗ ಪಕ್ಕದಲ್ಲಿ ಯಾರೋ ಇದ್ದಂತೆ ಇತ್ತು. ನನಗೆ ಅಂಥ ಜೊತೆ ಬೇಕಿತ್ತು ಎಂಬುದೇ ಅಲ್ಲಿಯತನಕ ತಿಳಿದಿರಲಿಲ್ಲ.

ಈ ಜನವರಿಯಲ್ಲಿ 'ಬಸ್ ಬೋರ್ಡಿನ ಹುಡುಗಿ' ಬರೆದೆ. ಕ್ಲಾಸಿನಲ್ಲಿ ಬಾಯಿ ಬಿಡದ ಒಬ್ಬ ಹುಡುಗಿ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಬೋರ್ಡು ಓದಿ ಮುದುಕರನ್ನು ಸರಿಯಾದ ಬಸ್ಸಿಗೆ ಹತ್ತಿಸುತ್ತಿದ್ದಳು ಎಂದು. ಅಷ್ಟೇ ಬರೆದದ್ದು, ಅದು ಸತ್ಯ. ಕೆಳಗೆ ಕಾರವಾರದ ಮಾಸ್ತರರು ಕೇಳಿದರು: ಅಕ್ಕಾ, ಬಸ್ ಬೋರ್ಡಿನಿಂದ ಓದು ಕಲಿಸಿದ್ದು ನಿಮ್ಮ ಪ್ರಯೋಗವೇ? ನಾನು 'ಹೌದು' ಎಂದು ಉತ್ತರಿಸಿದೆ. ಆ ಹೊತ್ತಿಗೆ ನಾನೇ ಹೊಡೆಯಲು ಕಲಿಯುತ್ತಿದ್ದೆ, ಒಂದೊಂದು ಅಕ್ಷರ ಹುಡುಕಿ ಒತ್ತಬೇಕಿತ್ತು. ಅವಸರದಲ್ಲಿ ಬಂದ ಮಾತು ಎಂದು ಹೇಳಿಕೊಳ್ಳುವ ಹಾಗಿಲ್ಲ.

ಮುಂದಿನದನ್ನು ನೀನೂ ಓದಿದ್ದೀ. ಹೇಗೆ ಕಲಿಸಿದಿರಿ, ವಿವರವಾಗಿ ಬರೆಯಿರಿ ಎಂದರು, ಬರೆದೆ. ಅರವತ್ತೆರಡು ಉತ್ತರ ಬಂದವು. "ಟೀಚರ್, ನನ್ನ ನಿಕಾಕ್ಕೂ ಇಷ್ಟ ಮಂದಿ ಬಂದಿದ್ದಿಲ್ಲ" ಎಂದ ಸೈಫುದ್ದೀನ್. ಕಾರವಾರದವರು ಮಕ್ಕಳನ್ನು ದಕ್ಕೆಗೆ ಕರೆದೊಯ್ದು ದೋಣಿಗಳ ಹೆಸರು ಓದಿಸಿದರು. ಚಿಂತಾಮಣಿ ಹತ್ತಿರದ ಒಬ್ಬ ಟೀಚರ್ ಗೊಬ್ಬರದ ಚೀಲ ಓದಿಸಿದಳು. ಅವರ ಮಕ್ಕಳು ಓದಿದರು, ರೂಪಾ. ಆಮೇಲೆ ನಾನೂ ನನ್ನ ಕ್ಲಾಸನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಅವರೂ ಓದಿದರು. ಹಾಗೆ ನೋಡಿದರೆ ನನ್ನ ಸುಳ್ಳಿನಿಂದ ಯಾರಿಗೂ ಕೆಡುಕಾಗಿಲ್ಲ. ಎಷ್ಟೋ ದಿನ ನಾನು ಹಾಗೇ ನೋಡಿದೆ.

ಆ ಹುಡುಗಿಯ ಹೆಸರು ಚಂದಮ್ಮ. ನಿನ್ನ ಜೊತೆ ಮೂರನೇ ಇಯತ್ತೆಯಲ್ಲಿದ್ದ ಚಂದಿ. ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮಾರುತ್ತಿದ್ದ ಸೋನುಬಾಯಿಯ ಮಗಳು. ನಾನು ಅವಳಿಗೆ ಏನನ್ನೂ ಕಲಿಸಲಿಲ್ಲ. ಅವಳನ್ನು ಶಾಲೆಯಿಂದ ಕಳಿಸಿದವಳು ನಾನು.

ತೊಂಬತ್ನಾಲ್ಕರ ಅರ್ಧವಾರ್ಷಿಕ ಪರೀಕ್ಷೆ. ನಿಮ್ಮ ಊರಿನ ಸುತ್ತಲಿನ ಐದು ಊರುಗಳ ಹೆಸರು ಬರೆಯಿರಿ ಎಂಬ ಪ್ರಶ್ನೆ. ಎರಡು ಉತ್ತರಪತ್ರಿಕೆಗಳಲ್ಲಿ ಒಂದೇ ಉತ್ತರ, ಒಂದೇ ಕ್ರಮ, ಬಸ್ ಹೋಗುವ ದಾರಿಯದೇ ಕ್ರಮ: ಸಸ್ತಾಪುರ ಬಂಗ್ಲಾ, ತಡೋಳಾ, ರಾಜೇಶ್ವರ, ಹುಮನಾಬಾದ, ಮನ್ನಾಏಖೆಳ್ಳಿ. ಒಂದು ಚಂದಮ್ಮನದು. ಇಡೀ ವರ್ಷ ಕರಿಹಲಗೆಯ ಮೇಲೆ ಕೋಲಿಟ್ಟು ಕೇಳಿದರೂ ಒಂದಕ್ಷರ ಓದದ ಹುಡುಗಿ, ಅವಳೇ ನಕಲು ಮಾಡಿದ್ದಾಳೆಂದು ಹೇಳುವುದು ಸುಲಭವಿತ್ತು. ಮರುದಿನ ಸೋನುಬಾಯಿಯನ್ನು ಕರೆಸಿದೆ. "ಇಕೀಗಿ ಅಕ್ಷರ ತಲಿಗಿ ಹತ್ತಂಗಿಲ್ಲ. ಈಗ ಕದ್ದು ಬರಿಯಾಕ ಶುರು ಮಾಡ್ಯಾಳ" ಎಂದೆ. ಆಕೆ ನನ್ನ ಕಡೆ ನೋಡಲಿಲ್ಲ. "ಕಳ್ಳತನ ಕಲಿಯಾಕ ಸಾಲಿ ಯಾಕ ಬೇಕ್ರಿ ಟೀಚರ್? ನನ್ನ ಜೋಡಿ ಶೇಂಗಾ ಮಾರ್ಲಿ ಬಿಡ್ರಿ" ಎಂದು ಮಗಳ ಕೈ ಹಿಡಿದುಕೊಂಡು ಹೋದಳು. ಕರೆಯಲು ನಾನು ಹೋಗಲಿಲ್ಲ.

ನಾಲ್ಕು ವರ್ಷದ ಮೇಲೆ ಟ್ರೇನಿಂಗಿಗೆಂದು ಬಸ್ ಕಾಯುತ್ತ ನಿಂತಾಗ ಅವಳನ್ನು ಕಂಡೆ. "ಅಜ್ಜಾ, ಅದು ಉಮರ್ಗಾ ಗಾಡಿ, ಇಳೀ ಇಳೀ! ನಿಂದು ಹಿಂದ ನಿಂತದ" ಎಂದು ಕೂಗುತ್ತಿದ್ದಳು. ಇದನ್ನೆಲ್ಲ ಓದಲು ಯಾವಾಗ ಕಲಿತೆ ಎಂದು ಕೇಳಿದೆ. "ಸಾಲಿಗಿ ಹೆಸರ ಹಚ್ಚೂಕಿಂತ ಮೊದಲೇ ಬರ್ತಿತ್ರಿ. ಕಂಡಕ್ಟರ್ ಮಾಮಾ ಹೇಳಿಕೊಟ್ಟಿದ್ದ." ಮತ್ತೆ ಕ್ಲಾಸಿನಲ್ಲಿ ಯಾಕೆ ಓದಲಿಲ್ಲ? "ನೀವು ಕೋಲು ಹಿಡ್ಕೊಂಡು ಕೇಳ್ತಿದ್ರಿ. ಬಸ್ಸಿನ ಮುಂದ ಯಾರೂ ಕೋಲು ಹಿಡ್ಕೊಂಡು ನಿಂದರಂಗಿಲ್ಲಲ್ರಿ." ಅಂದು ಅವಳಿಂದ ಪಾವು ಶೇಂಗಾ ಕೊಂಡು ಬಸ್ ಹತ್ತಿದೆ. ನನ್ನ ಪ್ರಯೋಗವೆಂದು ಬರೆದದ್ದು ಈ ಮಾತನ್ನು.

ನಿನ್ನೆ ಮಧ್ಯಾಹ್ನ ಸಾಲಿ ಬಿಟ್ಟ ಮೇಲೆ ಹುಮನಾಬಾದಿಗೆ ಹೋಗಿದ್ದೆ. ಅವಳು ಮದುವೆಯಾಗಿ ಅಲ್ಲಿಯೇ ಇದ್ದಾಳೆ, ಬಸ್ ಸ್ಟ್ಯಾಂಡಿನ ಹೊರಗೆ ಮಿರ್ಚಿ ಭಜಿಯ ಬಂಡಿ. ನನ್ನನ್ನು ಕಂಡವಳೇ, "ಬರ್ರಿ ಟೀಚರ್, ಸಣ್ಣಾಗೀರಲ್ಲ! ಊಟಾ ಮಾಡ್ತೀರಿಲ್ಲೋ?" ಎಂದು ಸ್ಟೂಲು ಒರೆಸಿ ಕೊಟ್ಟಳು. ನಾನು ಹೇಳಬೇಕೆಂದು ಹೋದದ್ದನ್ನು ಹೇಳಿದೆ.

"ನಿನ್ನ ಬಗ್ಗೆ ಕಂಪ್ಯೂಟರ್‌ನಾಗ ಬರದೀನಿ, ಚಂದಾ. ಬಸ್ ಬೋರ್ಡ್ ನೋಡಿ ಓದಾಕ ಕಲ್ತಿ ಅಂತ."

"ಖರೆನೇ ಅದಲ್ರಿ ಅದು."

"ನಾ ಕಲಿಸಿದೆ ಅಂತ ಬರದೀನಿ."

ಅವಳು ಬಾಣಲೆಯಲ್ಲಿದ್ದ ಭಜಿ ತಿರುವಿ ಹಾಕಿದಳು. "ಹೋಗ್ಲಿ ಬಿಡ್ರಿ. ಕಂಡಕ್ಟರ್ ಮಾಮಾ ಸತ್ತು ಭಾಳ ವರ್ಷ ಆತು, ಅಂವ ಏನ್ ಕೇಳಾಕ ಬರಂಗಿಲ್ಲ" ಎಂದು ನಕ್ಕಳು. ಗಿರಾಕಿಯೊಬ್ಬರಿಗೆ ಕಾಗದದಲ್ಲಿ ಕಟ್ಟಿಕೊಟ್ಟು ಬಂದು, ನಗದೆ ಕೇಳಿದಳು: "ನಕಲ ಮಾಡೀನಿ ಅಂದಿದ್ರಲ್ಲ, ಅದೂ ಬರದೀರೇನ್ರಿ?"

ಇಲ್ಲ ಎಂದೆ.

"ಮತ್ತ ಅದು ಬರೀರಿ. ನಾ ನಕಲ ಮಾಡಿದ್ದಿಲ್ಲ ಅಂತ ಬರೀರಿ. ನಮ್ಮವ್ವ ಸಾಯೂತನಕ ಮಾಡೀನಿ ಅಂತೇ ತಿಳ್ಕೊಂಡಿದ್ಳು. ನಾ ಎಷ್ಟ ಹೇಳಿದ್ರೂ, ಟೀಚರ್ ಸುಳ್ಳ ಹೇಳ್ತಾರೇನು ಅಂತಿದ್ಳು."

ಸೋನುಬಾಯಿ ಹೋಗಿ ಮೂರು ವರ್ಷವಾಯಿತಂತೆ. ನನಗೆ ತಿಳಿದಿರಲಿಲ್ಲ.

ಬರೆಯುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ. ನಾಳೆ ಸಂಜೆ ಬ್ಲಾಗಿಗೆ ಹಾಕುತ್ತೇನೆ, ಶನಿವಾರ ಹುಮನಾಬಾದಿಗೆ ನಾನೇ ಬಂದು ಅದನ್ನೇ ಓದುತ್ತೇನೆ. ಅನೀಲಕುಮಾರ ಮಾಸ್ತರರಿಗೆ ಹೇಳಿದ್ದೇನೆ. "ಮೇಡಂ, ಈಗ ಯಾಕ್ರಿ ಇದೆಲ್ಲ, ಪದ್ಧತಿ ಛಲೋ ಅದ, ಅಷ್ಟ ಸಾಕಲ್ಲ" ಎಂದರು. ಅವರು ಒಳ್ಳೆಯವರು. ಆ ಅರವತ್ತೆರಡು ಜನರಲ್ಲಿ ಎಷ್ಟು ಜನ ಉಳಿಯುತ್ತಾರೋ ಗೊತ್ತಿಲ್ಲ. ಕಾರವಾರದವರು ಮತ್ತೆ ಅಕ್ಕಾ ಎಂದು ಬರೆಯದಿದ್ದರೆ ನನಗೆ ಕಷ್ಟವಾಗುತ್ತದೆ, ಇದನ್ನು ನಿನಗಷ್ಟೇ ಹೇಳುತ್ತಿದ್ದೇನೆ.

ಈ ಪತ್ರ ಬುಧವಾರದೊಳಗೆ ನಿನ್ನ ಕೈ ಸೇರಬೇಕು. ನಲವತ್ತೊಂದು ಮಕ್ಕಳಲ್ಲಿ ಬಾಯಿ ಬಿಡದವರು ಇಬ್ಬರಾದರೂ ಇರುತ್ತಾರೆ. ಕೋಲು ಕೆಳಗಿಟ್ಟು ಕೇಳು. ನಿನ್ನ ಕೆಲಸ ನಿನಗೆ ಹಿಡಿಸಲಿ, ಮಕ್ಕಳಿಗೆ ನೀನು ಹಿಡಿಸು, ಮೈ ಗಟ್ಟಿಯಾಗಿರಲಿ.

ನಿನ್ನ ಅವ್ವ
ಶಕುಂತಲಾಬಾಯಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ತೆರೆದಿದ್ದೇನೆ. ಇನ್ನೊಂದು ಉತ್ತರಪತ್ರಿಕೆ ಯಾರದೆಂದು ಬರೆಯಲಿಲ್ಲ. ಅದು ನಿನ್ನದು. ಪತ್ರಿಕೆ ನೋಡಿದ ಸಂಜೆ, ಸೋನುಬಾಯಿಯನ್ನು ಕರೆಸುವ ಮೊದಲೇ, ನಿನಗೆ ಜಡೆ ಹಾಕುತ್ತ "ಮನ್ನಾಏಖೆಳ್ಳಿ ಎಲ್ಲದ?" ಎಂದು ಕೇಳಿದೆ. ನಿನಗೆ ಗೊತ್ತಿರಲಿಲ್ಲ. ಹಾಗಾಗಿ ಯಾರು ಯಾರದನ್ನು ನೋಡಿ ಬರೆದರೆಂದು ನನಗೆ ಗೊತ್ತಾಯಿತು. ಗೊತ್ತಾದ ಮೇಲೆಯೇ ಮರುದಿನ ಆ ಮಾತು ಆಡಿದೆ. ಟೀಚರ್ ಮಗಳೇ ನಕಲು ಮಾಡಿದಳು ಎಂದು ಯಾರೂ ಬೆರಳು ತೋರಿಸಬಾರದೆಂದು. ಚಂದಮ್ಮನ ಮಾತು ಕೇಳುವವರು ಯಾರೂ ಇಲ್ಲವೆಂದೂ ನನಗೆ ಗೊತ್ತಿತ್ತು. ಚಂದಿ ಯಾಕೆ ಬರುವುದಿಲ್ಲ ಎಂದು ನೀನು ಒಂದು ವಾರ ಅತ್ತೆ, ಅವರು ಊರು ಬಿಟ್ಟರು ಎಂದೆ. ನಿನಗೆ ಆಗ ಎಂಟು ವರ್ಷ. ನಿನ್ನದೇನೂ ತಪ್ಪಿಲ್ಲ, ಬ್ಲಾಗಿನಲ್ಲಿಯೂ ಹಾಗೆಂದೇ ಬರೆಯುತ್ತೇನೆ. ಆದರೆ ನನ್ನ ಮಗಳ ಪತ್ರಿಕೆ ಎಂದು ಬರೆಯದೆ ಬೇರೆ ದಾರಿಯಿಲ್ಲ. ಸಭೆಯಲ್ಲಿ ನೀನು ಕೂತಿರುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು.

ನಿನ್ನೆ ಇದನ್ನು ಚಂದಮ್ಮನಿಗೂ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತು. "ರೂಪಾ ಬರಿಯಾಕ ಬರಲಾರದೆ ಅಳಾಕತ್ತಿದ್ಳ್ರಿ. ನಾನೇ ಪೇಪರ್ ಅಕೀ ಕಡಿ ಸರಸಿದ್ದೆ" ಎಂದಳು.