ಅಕ್ಕಮ್ಮನ ಮಡು ಬಿಟ್ಟು ಬರುವುದಿಲ್ಲ

ಕನಕಪುರ ತಾಲ್ಲೂಕು
೧೪ ಮಾರ್ಚ್ ೨೦೨೫, ಶುಕ್ರವಾರ

ಧನುಶ್ರೀಯ ಅಪ್ಪನವರಿಗೆ, ಪ್ರತಿಮಾ ಮಾಡುವ ನಮಸ್ಕಾರ.

ನಾಲ್ಕು ದಿನದಿಂದ ನೀವು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಮಗಳ ನೋಟ್‌ಬುಕ್ಕಿನ ಹಾಳೆ ಹರಿದು ಬರೆಯುತ್ತಿದ್ದೇನೆ. ನಾನು ತವರಿಗೆ ಹೋಗಿಲ್ಲ. ಮಡುವಿನ ದಡದಲ್ಲಿ, ಅಕ್ಕಮ್ಮನ ಪೂಜೆ ಮಾಡುವ ಕೆಂಚಮ್ಮಜ್ಜಿಯ ಮನೆಯಲ್ಲಿದ್ದೇನೆ. ಧನುಶ್ರೀ ಇಲ್ಲಿಂದಲೇ ಶಾಲೆಗೆ ಹೋಗುತ್ತಿದ್ದಾಳೆ.

ಗ್ರಾಮಸಭೆಯಲ್ಲಿ ಎದುರು ಮಾತಾಡಿ ಪಂಚಾಯ್ತಿ ಮೆಂಬರ್ ಆದ ನಿಮ್ಮ ಮಾನ ಕಳೆದೆ ಅಂದಿರಿ. ಮೊದಲೇ ಮನೆಯಲ್ಲಿ ಹೇಳಬಹುದಿತ್ತು, ಒಪ್ಪುತ್ತೇನೆ. ಧೈರ್ಯವಿರಲಿಲ್ಲ. ಆದರೆ ಕಲ್ಲು ಪಾಲಿಶ್ ಫ್ಯಾಕ್ಟರಿಯ ಕೆಸರು ನೀರನ್ನು ಮಡುವಿಗೆ ಬಿಡಲು ಊರಿನ ತಕರಾರಿಲ್ಲ ಎಂದು ನೀವು ಆಗಲೇ ಸಹಿ ಹಾಕಿದ್ದ ಒಪ್ಪಿಗೆ ಪತ್ರ ಓದಿದಿರಿ. ‘ಆ ಗುಂಡೀನ ಈಗ ಯಾರು ಬಳಸ್ತಾರೆ?’ ಅಂತ ನಕ್ಕಿರಿ. ನನಗೆ ಕೂತಿರಲು ಆಗಲಿಲ್ಲ. ಎದ್ದು ನಿಂತು ‘ನಾನು ಬಳಸ್ತೀನಿ’ ಅಂದೆ.

ಧನುಶ್ರೀ ಹುಟ್ಟಿದಾಗ ಗಂಗೆಪೂಜೆಗೆ ನನ್ನನ್ನು ಕರೆದೊಯ್ದದ್ದು ಅಲ್ಲಿಗೇ. ದಡದ ಏಳು ಕಲ್ಲುಗಳು ಏಳು ಅಕ್ಕಂದಿರು, ಊರಿಗೆಲ್ಲ ಅಕ್ಕಮ್ಮ ದೇವರು. ಅವರ ಅಪ್ಪಣೆ ಕೇಳದೆ ಬಾಣಂತಿ ಒಂದು ಕೊಡ ನೀರೂ ಎತ್ತುವಂತಿಲ್ಲ. ಅಲ್ಲಿ ಯಾರೂ ಮೀನು ಹಿಡಿಯುವಂತಿಲ್ಲ, ಎಂಜಲು ತೊಳೆಯುವಂತಿಲ್ಲ. ಇದೆಲ್ಲ ನಿಮಗೆ ಮೂಢನಂಬಿಕೆ. ಇರಲಿ. ಹೋದ ವರ್ಷ ಬೋರ್‌ವೆಲ್ ಬತ್ತಿದಾಗ ನಮ್ಮ ಹಸುಗಳು ಕುಡಿದದ್ದು ಆ ನಂಬಿಕೆ ಕಾಪಾಡಿದ ನೀರನ್ನೇ. ಮಡು ತುಂಬಿ ಹರಿದದ್ದು ಅರ್ಕಾವತಿಗೆ ಸೇರುತ್ತದೆ. ಇಲ್ಲಿ ವಿಷ ಬಿಟ್ಟರೆ ಅಲ್ಲಿಯೂ ಬಿಟ್ಟ ಹಾಗೆಯೇ.

ಬುಧವಾರ ಬೆಳಿಗ್ಗೆ ಮೊದಲ ಟ್ಯಾಂಕರ್ ಬಂತು. ನಾವು ಹನ್ನೊಂದು ಹೆಂಗಸರು ಸೊಂಟದ ಮಟ್ಟ ನೀರಿನಲ್ಲಿ ನಿಂತೆವು. ನಮಗೆಲ್ಲ ಪರಿಚಯದ ಡ್ರೈವರ್ ಹುಸೇನ್ ಪೈಪ್ ಹಿಡಿದುಕೊಂಡು, ‘ಮೇಲಕ್ಕೆ ಬನ್ನಿ ಅಮ್ಮ, ನನ್ ಕೆಲ್ಸ ಹೋಯ್ತದೆ’ ಎಂದು ಬೇಡಿಕೊಂಡ.

‘ಬುಡಪ್ಪಾ, ನಮ್ ತಲೆ ಮ್ಯಾಲೇ ಬುಡು. ಅಕ್ಕಂದಿರ್ಗೆ ಆಗೋದು ನಮ್ಗೂ ಆಗ್ಲಿ’ ಅಂದರು ಕೆಂಚಮ್ಮಜ್ಜಿ.

ಅವನು ಪೈಪ್ ಸುತ್ತಿಕೊಂಡು ಹೊರಟುಹೋದ. ಸಂಜೆ ಅವನೇ ಫೋನ್ ಮಾಡಿ, ‘ನಾಳೆ ಬೇರೆ ಡ್ರೈವರ್ ಬತ್ತಾನೆ. ಜಾಸ್ತಿ ಜನ ಇರಿ’ ಅಂದ. ನಿನ್ನೆ ನಲವತ್ತು ಜನ ಇದ್ದೆವು. ಆ ಟ್ಯಾಂಕರೂ ತಿರುಗಿತು.

ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಟ್ಟಿದ್ದೇನೆ, ಸೋಮವಾರ ನೀರಿನ ಪರೀಕ್ಷೆಗೆ ಅಧಿಕಾರಿಗಳು ಬರುತ್ತಾರೆ. ಊರನ್ನು ಕೇಳದೆ ಒಪ್ಪಿಗೆ ಕೊಟ್ಟವರು ಯಾರೆಂದು ಅರ್ಜಿಯಲ್ಲಿ ಬರೆದಿದ್ದೇನೆ. ನಿಮ್ಮ ಹೆಸರನ್ನು ಒಮ್ಮೆ ಬರೆದು ಹೊಡೆದುಹಾಕಿದೆ. ಆಮೇಲೆ ಮತ್ತೆ ಬರೆದೆ. ಯಾರೂ ಬರೆಸಲಿಲ್ಲ.

ಆ ಒಪ್ಪಿಗೆ ವಾಪಸ್ ತೆಗೆದುಕೊಳ್ಳುವ ತನಕ ನಾನು ಮನೆಗೆ ಬರುವುದಿಲ್ಲ. ಕ್ಷಮೆಯನ್ನೂ ಕೇಳುವುದಿಲ್ಲ. ಬಿಪಿ ಮಾತ್ರೆ ಫ್ರಿಜ್ ಮೇಲಿನ ಡಬ್ಬಿಯಲ್ಲಿದೆ, ತಪ್ಪಿಸಬೇಡಿ.

ಈಗಲೂ ನಿಮ್ಮ ಹೆಂಡತಿಯೇ ಆದ,
ಪ್ರತಿಮಾ

ಮುಚ್ಚಿಟ್ಟ ಮಾತೊಂದಿದೆ: ನಿಮ್ಮ ಅಮ್ಮ ಕೂಟಗಲ್‌ನಲ್ಲಿ ನಿಮ್ಮ ತಂಗಿಯ ಮನೆಯಲ್ಲಿದ್ದಾರೆ ಅಂದುಕೊಂಡಿದ್ದೀರಿ. ಇಲ್ಲ. ಬುಧವಾರ ಎಲ್ಲರಿಗಿಂತ ಮೊದಲು ನೀರಿಗಿಳಿದವರು ಅವರೇ. ನಿಮಗೆ ತಿಳಿಸಬೇಡ ಅಂದಿದ್ದರು. ಇವತ್ತು ಪಕ್ಕದಲ್ಲಿ ಕೂತು ತಾವೇ ಬರೆಸುತ್ತಿದ್ದಾರೆ: ‘ನಮ್ ಮುನಿಕೃಷ್ಣಂಗೆ ಯೋಳು. ಇನ್ನೊಂದು ಟ್ಯಾಂಕರ್ ಬಂದ್ರೆ ನಾನು ನೀರ್ನಲ್ಲೇ ನಿಂತಿರ್ತೀನಿ. ಅವ್ನೇ ಬಂದು ಪೈಪ್ ಹಿಡೀಲಿ.’